ಮನೆಯ ಯಂತ್ರ: ಮೊದಲು ನಿಲ್ಲಲಿ, ಆಮೇಲೆ ಓಡಲಿ

ಹೊಲಿಗೆಯ ಯಂತ್ರ, ನೀರೆತ್ತುವ ಪಂಪು, ರುಬ್ಬುವ ಮಿಕ್ಸರು, ಹಳೆಯ ಸ್ಕೂಟರು ಮೊದಲಾಗಿ ಮನೆಯಲ್ಲಿ ಸದ್ದು ಮಾಡುವ ಸಾಮಗ್ರಿಗಳ ವಿಚಾರವನ್ನೆಲ್ಲ ಈ ಅಂಕಣದಲ್ಲಿ ಒಂದೊಂದಾಗಿ ನೋಡುತ್ತ ಬಂದಿದ್ದೇವೆ. ಈ ಸಲ ಬಾಗಿಲಿಗೆ ಬಂದಿರುವ ಸಾಮಗ್ರಿ ಸ್ವಲ್ಪ ದೊಡ್ಡದು. ಪುಣೆಯಲ್ಲಿ ನೆಲೆಸಿರುವ ನಮ್ಮ ವಾಚಕರೊಬ್ಬರು 1951ನೆಯ ಇಸವಿಯ ಷೆವ್ರೊಲೆ ಪಿಕಪ್ಪೊಂದನ್ನು ಕೊಂಡಿದ್ದಾರೆ. ಮುಂದೆ ಐದು ಅಡ್ಡಪಟ್ಟಿಗಳ ಜಾಲರಿ, ಹಿಂದೆ ಮರದ ಹಲಗೆ ಹಾಸಿದ ತೊಟ್ಟಿ, ಮೈಮೇಲೆ ಹೊಚ್ಚ ಹೊಸ ಹಸಿರು ಬಣ್ಣ. ಷೆಡ್ಡಿನಲ್ಲಿಟ್ಟು ಪೂಜೆ ಮಾಡುವ ಉದ್ದೇಶ ಅವರಿಗಿಲ್ಲ. ದಿನವೂ ಅಂಗಡಿಗೆ ಓಡಿಸಬೇಕು, ಭಾನುವಾರ ಸಂತೆಗೆ ಒಯ್ಯಬೇಕು ಎಂಬುದು ಅವರ ಆಸೆ.

ಆದರೆ ಗಾಡಿ ಮನೆಗೆ ಬಂದು ತಿಂಗಳು ತುಂಬುವುದರೊಳಗೆ ಐದು ದೂರುಗಳು ಹುಟ್ಟಿಕೊಂಡಿವೆ. ಬೆಳಿಗ್ಗೆ ಇಂಜಿನು ಬೇಗ ಹತ್ತುವುದಿಲ್ಲ. ಏರು ದಾರಿಯಲ್ಲಿ ಬಿಸಿಲೇರಿದಾಗ ಉಸಿರು ಕಟ್ಟಿದಂತೆ ನಿಂತುಬಿಡುತ್ತದೆ. ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಮೇಲೇಳುವುದೇ ಇಲ್ಲ. ದಾರಿಯಲ್ಲಿ ನೆಟ್ಟಗೆ ಹೋಗದೆ ಅತ್ತಿತ್ತ ಅಲೆಯುತ್ತದೆ. ಬ್ರೇಕು ಒತ್ತಿದರೆ ಎಡಕ್ಕೆ ಎಳೆಯುತ್ತದೆ. ಈ ಐದನ್ನೂ ಅವರು ಇದೇ ಕ್ರಮದಲ್ಲಿ ಬರೆದಿದ್ದಾರೆ. ಪತ್ರದ ಕೊನೆಗೆ ಮನೆಯಾಕೆ ತಮ್ಮ ಕೈಯಿಂದಲೇ ಒಂದು ಸಾಲು ಸೇರಿಸಿದ್ದಾರೆ: "ಅಣ್ಣಾವರ, ಇವರ ಯಂತ್ರದ ಮಾತು ನನಗ ತಿಳೀದು. ದೀಪಾವಳಿಗೆ ಹುಡುಗರನ್ನ ಕರಕೊಂಡು ಇದರಾಗ ಹುಬ್ಬಳ್ಳಿಗೆ ಹೋಗಬಹುದೋ ಇಲ್ಲೋ, ಅಷ್ಟು ಹೇಳ್ರಿ."

ಯಜಮಾನರು ಕ್ಷಮಿಸಬೇಕು. ಮೊದಲ ಉತ್ತರ ಆ ಕೊನೆಯ ಸಾಲಿಗೆ. ತಂಗೀ, ಈ ದೀಪಾವಳಿಗೆ ಬೇಡ. ಬಸ್ಸಿನಲ್ಲೋ ರೈಲಿನಲ್ಲೋ ಹೋಗಿ ಬನ್ನಿ. ಪುಣೆಯಿಂದ ಹುಬ್ಬಳ್ಳಿಗೆ ನಾನೂರು ಕಿಲೋಮೀಟರಿಗೆ ಮೀರಿದ ದಾರಿ. ನಡುವೆ ಖಂಬಾಟಕಿಯ ಘಾಟು ಇದೆ. ಬ್ರೇಕು ಒಂದು ಪಕ್ಕಕ್ಕೆ ಎಳೆಯುವ ಗಾಡಿಯನ್ನು ಆ ದಾರಿಗೆ ಒಯ್ಯುವ ಮಾತೇ ಇಲ್ಲ. ಬ್ರೇಕು ಸರಿಹೋದ ಮೇಲೂ ಮಕ್ಕಳ ಪ್ರಶ್ನೆ ಉಳಿಯುತ್ತದೆ. ಈ ಗಾಡಿ ತಯಾರಾದಾಗ ಇದಕ್ಕೆ ಸೀಟು ಬೆಲ್ಟು ಇರಲಿಲ್ಲ. ಇರುವುದು ಒಂದೇ ಉದ್ದನೆಯ ಆಸನ. ಹಿಂದಿನ ತೊಟ್ಟಿಯಲ್ಲಿ ಜಮಖಾನೆ ಹಾಸಿ ಮಕ್ಕಳನ್ನು ಕೂರಿಸುವುದು ಕಾನೂನಿಗೂ ವಿರುದ್ಧ, ಬುದ್ಧಿಗೂ ವಿರುದ್ಧ. ಆದ್ದರಿಂದ ಹೆದ್ದಾರಿಯ ದೂರಪ್ರಯಾಣಕ್ಕೆ ಈ ಗಾಡಿಯಲ್ಲಿ ಹಿರಿಯರಿಬ್ಬರು ಹೋಗಲಿ, ಮಕ್ಕಳು ಬೇರೆ ವಾಹನದಲ್ಲಿ ಬರಲಿ.

ಇನ್ನು ಯಜಮಾನರ ಐದು ದೂರುಗಳು. ಅವರು ಐದನೆಯದಾಗಿ ಬರೆದದ್ದು ನಿಜವಾಗಿ ಮೊದಲನೆಯದು. ಹಳೆಯ ಗಾಡಿ ಕೊಂಡವರೆಲ್ಲರೂ ಇಂಜಿನ್ನಿನ ಕಡೆಗೇ ಮೊದಲು ಓಡುತ್ತಾರೆ. ಹತ್ತದ ಇಂಜಿನ್ನಿನಿಂದ ಆಗುವ ಹಾನಿ ಬೆಳಗಿನ ಅರ್ಧ ಗಂಟೆ ಮತ್ತು ಮನಸ್ಸಿನ ಶಾಂತಿ, ಅಷ್ಟೇ. ನಿಲ್ಲದ ಗಾಡಿಯಿಂದ ಆಗುವ ಹಾನಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ನಿಲ್ಲುವುದು, ಆಮೇಲೆ ನೆಟ್ಟಗೆ ಹೋಗುವುದು, ಅನಂತರ ಓಡುವುದು, ಎಲ್ಲಕ್ಕೂ ಕೊನೆಗೆ ಅಂದಚೆಂದ. ಈ ಕ್ರಮವೊಂದನ್ನು ಹಿಡಿದರೆ ಉಳಿದದ್ದು ತಾಳ್ಮೆಯ ಕೆಲಸ.

ಈ ಗಾಡಿಯ ಪೂರ್ವೋತ್ತರ

ಷೆವ್ರೊಲೆ ಕಂಪನಿಯವರು ಈ ಮಾದರಿಯನ್ನು ಅಮೇರಿಕದಲ್ಲಿ 1947ರಲ್ಲಿ ಹೊರತಂದರು. 1955ರ ಆರಂಭದವರೆಗೆ ಸಣ್ಣಪುಟ್ಟ ಬದಲಾವಣೆಗಳೊಡನೆ ತಯಾರಿಸಿದರು. ಅರ್ಧ ಟನ್ನಿನ ಪಿಕಪ್ಪಿಗೆ 3100 ಎಂಬ ಅಂಕಿತ. 1953ರವರೆಗಿನ ಗಾಡಿಗಳಲ್ಲಿ 216 ಘನ ಅಂಗುಲದ, ಅಂದರೆ ಸುಮಾರು ಮೂರೂವರೆ ಲೀಟರಿನ, ಆರು ಸಿಲಿಂಡರುಗಳ ಇಂಜಿನು; ಸುಮಾರು 90 ಅಶ್ವಶಕ್ತಿ. ಅಲ್ಲಿನ ರೈತರು, ಬಡಗಿಗಳು, ಹಾಲಿನವರು ಕೊಂಡು ದುಡಿಸಿದ ಗಾಡಿ ಇದು.

ನಮ್ಮವರಿಗೆ ಈ ಹೆಸರು ತೀರ ಪರಕೀಯವಲ್ಲ. ಷೆವ್ರೊಲೆಯ ಒಡೆಯರಾದ ಜನರಲ್ ಮೋಟರ್ಸ್ ಕಂಪನಿಯವರು 1928ರಲ್ಲಿ ಮುಂಬಯಿಯ ಶಿವಡಿಯಲ್ಲಿ ಕಾರು ಮತ್ತು ಟ್ರಕ್ಕುಗಳ ಜೋಡಣೆಯ ಕಾರಖಾನೆ ತೆರೆದರು. ಬಿಡಿ ಭಾಗಗಳು ಪೆಟ್ಟಿಗೆಗಳಲ್ಲಿ ಹಡಗೇರಿ ಬಂದು ಅಲ್ಲಿ ಗಾಡಿಗಳಾಗುತ್ತಿದ್ದವು. ಸ್ವಾತಂತ್ರ್ಯಾನಂತರ, ಜೋಡಣೆ ಮಾತ್ರ ಮಾಡುವವರು ಸಾಲದು, ಇಲ್ಲಿಯೇ ಭಾಗಗಳನ್ನು ತಯಾರಿಸುವವರು ಬೇಕು ಎಂಬ ಸರಕಾರದ ಧೋರಣೆ 1953ರಲ್ಲಿ ಗಟ್ಟಿಯಾಯಿತು. 1954ರಲ್ಲಿ ಶಿವಡಿಯ ಕೆಲಸ ನಿಂತಿತು. ಪುಣೆಯ ಈ ಗಾಡಿ ಎಲ್ಲಿ ಜೋಡಣೆಯಾದುದೆಂದು ಪತ್ರದಲ್ಲಿ ಬರೆದಿಲ್ಲ. ಎಲ್ಲಿಯದಾದರೂ ಅದರ ಸ್ವಭಾವ ಒಂದೇ, ಕಾಯಿಲೆಗಳೂ ಅವೇ.

ನಿಲ್ಲುವ ವಿಚಾರ

ಈ ಗಾಡಿಯ ನಾಲ್ಕೂ ಗಾಲಿಗಳಿಗೆ ಡ್ರಮ್ ಬ್ರೇಕು. ಪೆಡಲು ತುಳಿದರೆ ಕಾಲ ಕೆಳಗಿನ ಮಾಸ್ಟರ್ ಸಿಲಿಂಡರಿನೊಳಗಿನ ದ್ರವ ಕೊಳವೆಗಳ ಮೂಲಕ ಗಾಲಿಗಳಿಗೆ ತಲುಪಿ ಲೈನಿಂಗುಗಳನ್ನು ಒತ್ತುತ್ತದೆ. ಮುಖ್ಯವಾಗಿ ನೆನಪಿಡತಕ್ಕದ್ದೇನೆಂದರೆ, ನಾಲ್ಕು ಗಾಲಿಗಳಿಗೂ ಸೇರಿ ಇರುವುದು ಒಂದೇ ಕೋಣೆ. ಎಲ್ಲಿಯಾದರೂ ಒಂದು ರಬ್ಬರಿನ ಕೊಳವೆ ಒಡೆದರೆ ನಾಲ್ಕೂ ಗಾಲಿಗಳ ಬ್ರೇಕು ಒಟ್ಟಿಗೆ ಹೋಗುತ್ತದೆ. ಎರಡು ಕೋಣೆಯ ಏರ್ಪಾಡು ಅಮೇರಿಕದ ಕಾರುಗಳಲ್ಲಿ ಸಾರ್ವತ್ರಿಕವಾದದ್ದು 1967ರ ಸುಮಾರಿಗೆ. ಇಂದಿನ ಕಾರು ಓಡಿಸಿ ರೂಢಿಯಾದವರಿಗೆ ಈ ಅಂತರ ಗೊತ್ತಿರುವುದಿಲ್ಲ.

ಆದುದರಿಂದ ಕೊಂಡ ಮೊದಲ ವಾರದಲ್ಲಿಯೇ, ಚೆನ್ನಾಗಿ ಕಂಡರೂ ಸರಿಯೇ, ರಬ್ಬರಿನ ಭಾಗಗಳೆಲ್ಲವನ್ನೂ ಬದಲಾಯಿಸಬೇಕು. ಬಗ್ಗುವ ಕೊಳವೆಗಳು, ಗಾಲಿಯ ಸಿಲಿಂಡರಿನ ಕಪ್ಪುಗಳು, ಮಾಸ್ಟರ್ ಸಿಲಿಂಡರಿನ ಕಪ್ಪುಗಳು ಈ ಪಟ್ಟಿಯಲ್ಲಿ ಬರುತ್ತವೆ. ಲೋಹದ ಕೊಳವೆಗಳಲ್ಲಿ ತುಕ್ಕು ಹಿಡಿದುದನ್ನು ತೆಗೆಯಬೇಕು. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರುವ ಜಾತಿಯದು. ಎರಡು ವರ್ಷಕ್ಕೊಮ್ಮೆ ಪೂರ್ತಿ ಹೊರಹಾಕಿ ಹೊಸದನ್ನು ತುಂಬತಕ್ಕದ್ದು. ಇಂಜಿನ್ನಿನ ಎಣ್ಣೆಯನ್ನು ಮಾತ್ರ ಯಾವ ಆಪತ್ತಿನಲ್ಲಿಯೂ ಅಲ್ಲಿ ಹಾಕಕೂಡದು. ರಬ್ಬರು ಊದಿ ಎಲ್ಲವೂ ಕೆಡುತ್ತದೆ. ಡ್ರಮ್ಮು ಬಿಚ್ಚಿದಾಗ ಒಳಗಿನ ಧೂಳನ್ನು ಬಾಯಿಂದ ಊದಬೇಡಿ, ಗಾಳಿಯ ಪಂಪನ್ನೂ ಹಿಡಿಯಬೇಡಿ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಪುಪ್ಪುಸಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಪೆಡಲೇ ರೋಗವನ್ನು ಹೇಳುತ್ತದೆ, ಕಾಲಿಗೆ ಕೇಳುವ ಅಭ್ಯಾಸವಿರಬೇಕು. ಸ್ಪಂಜಿನಂತೆ ಮೆತ್ತಗಿದ್ದರೆ ಕೊಳವೆಯೊಳಗೆ ಗಾಳಿ ಸೇರಿದೆ. ಎರಡು ಮೂರು ಸಲ ತುಳಿದ ಮೇಲೆ ಮೇಲೆ ಬಂದು ಗಟ್ಟಿಯಾದರೆ ಲೈನಿಂಗು ಡ್ರಮ್ಮಿನಿಂದ ದೂರವಿದೆ, ಹೊಂದಿಸಬೇಕು. ಗಟ್ಟಿಯಾಗಿ ಒತ್ತಿ ಒಂದು ನಿಮಿಷ ಹಿಡಿದಾಗ ಮೆಲ್ಲಗೆ ಕೆಳಗಿಳಿದರೆ ಎಲ್ಲಿಯೋ ಸೋರುತ್ತಿದೆ. ಹೊರಗೆ ತೇವ ಕಾಣದಿದ್ದರೆ ಸೋರಿಕೆ ಮಾಸ್ಟರ್ ಸಿಲಿಂಡರಿನ ಒಳಗೇ ಇದೆ.

ಎಡಕ್ಕೆ ಎಳೆಯುವ ದೂರಿಗೆ ಬರೋಣ. ಗಾಡಿ ಎಡಕ್ಕೆ ಎಳೆದರೆ ಮಿಸ್ತ್ರಿಗಳು ಕೂಡಲೇ ಎಡಗಾಲಿಯನ್ನು ಬಿಚ್ಚುತ್ತಾರೆ. ಅನೇಕ ಸಲ ಎಡಗಾಲಿ ನಿರಪರಾಧಿ. ಅದೊಂದೇ ಕೆಲಸ ಮಾಡುತ್ತಿದೆ, ಬಲಗಾಲಿ ಮೈಗಳ್ಳನಾಗಿದೆ. ಬಲಗಾಲಿಯ ಲೈನಿಂಗಿಗೆ ಗ್ರೀಸೋ ಬ್ರೇಕಿನ ದ್ರವವೋ ಹತ್ತಿರಬಹುದು, ಇಲ್ಲವೆ ಅದರ ಸಿಲಿಂಡರು ತುಕ್ಕಿನಿಂದ ಬಿಗಿದುಕೊಂಡಿರಬಹುದು. ಆದ್ದರಿಂದ ಎರಡೂ ಮುಂಗಾಲಿಗಳನ್ನು ಬಿಚ್ಚಿ, ಪಕ್ಕಪಕ್ಕದಲ್ಲಿಟ್ಟು ಹೋಲಿಸಿರಿ. ಲೈನಿಂಗು ಬದಲಾಯಿಸುವುದಾದರೆ ಎರಡೂ ಗಾಲಿಗಳಿಗೆ ಒಟ್ಟಿಗೆ ಬದಲಾಯಿಸಿರಿ.

ಇನ್ನೊಂದು ಸಾಧ್ಯತೆಯೂ ಉಂಟು. ಪೆಡಲು ಬಿಟ್ಟ ಮೇಲೂ ಒಂದು ಗಾಲಿ ಬಿಗಿಯಾಗಿಯೇ ಇದ್ದು ಬಿಸಿಯಾಗುತ್ತಿದ್ದರೆ, ಆ ಗಾಲಿಯ ಗಾಳಿ ತೆಗೆಯುವ ತಿರುಪನ್ನು ಸ್ವಲ್ಪ ಸಡಿಲಿಸಿ ನೋಡಿ. ಕೂಡಲೇ ದ್ರವ ಚಿಮ್ಮಿ ಗಾಲಿ ಬಿಡುಗಡೆಯಾದರೆ, ಒತ್ತಡ ಹಿಂದಕ್ಕೆ ಹೋಗದೆ ಸಿಕ್ಕಿಕೊಂಡಿತ್ತೆಂದು ಅರ್ಥ. ಹಳೆಯ ರಬ್ಬರಿನ ಕೊಳವೆ ಒಳಗೊಳಗೇ ಊದಿಕೊಂಡು ದಾರಿ ಮುಚ್ಚುವುದು ಇದಕ್ಕೆ ಸಾಮಾನ್ಯ ಕಾರಣ. ಹೊರಗಿನಿಂದ ನೋಡಿದರೆ ಆ ಕೊಳವೆ ಸುಖವಾಗಿಯೇ ಕಾಣುತ್ತದೆ.

ನಿಲುಗಡೆಯ ಬ್ರೇಕು ಹಿಂಗಾಲಿಗಳನ್ನು ತಂತಿಯಿಂದ ಎಳೆಯುವಂಥದು, ದ್ರವಕ್ಕೂ ಅದಕ್ಕೂ ಸಂಬಂಧವಿಲ್ಲ. ಕೊಳವೆ ಒಡೆದ ದಿನ ನಿಮಗೆ ಉಳಿಯುವ ಬಂಧು ಅದೊಂದೇ. ಅದನ್ನೂ ಸರಿಪಡಿಸಿಕೊಂಡು, ಖಾಲಿ ಮೈದಾನದಲ್ಲಿ ನಿಧಾನವಾಗಿ ಹೋಗುತ್ತ ಅದರಿಂದಲೇ ನಿಲ್ಲಿಸಿ ಅಭ್ಯಾಸ ಮಾಡಿರಿ. ಎರಡು ಕೋಣೆಯ ಮಾಸ್ಟರ್ ಸಿಲಿಂಡರನ್ನು ಈ ಗಾಡಿಗೆ ಹೊಂದಿಸುವ ಸಾಮಗ್ರಿ ಅಮೇರಿಕದಲ್ಲಿ ಮಾರಾಟಕ್ಕಿದೆ. ದಿನವೂ ಓಡಿಸುವವರಿಗೆ ಅದು ದಂಡದ ಖರ್ಚಲ್ಲ.

ನೆಟ್ಟಗೆ ಹೋಗುವ ವಿಚಾರ

ಗಾಡಿ ಅತ್ತಿತ್ತ ಅಲೆಯುವುದಕ್ಕೆ ಮೊದಲು ಟಯರುಗಳನ್ನು ನೋಡಿ. ಈ ಗಾಡಿಗೆ ಕಂಪನಿಯವರು ಕೊಟ್ಟದ್ದು 6.00-16 ಅಳತೆಯ ಅಡ್ಡನೂಲಿನ ಟಯರು. ಅದು ದಾರಿಯ ಗೀರುಗಳನ್ನು ಹಿಡಿದು ಹೋಗುವುದು ಅದರ ಹುಟ್ಟುಗುಣ. ರೇಡಿಯಲ್ ಹಾಕಿದರೆ ನಾಲ್ಕಕ್ಕೂ ಹಾಕಬೇಕು, ಎರಡು ಜಾತಿಯನ್ನು ಬೆರೆಸಬಾರದು. ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕೆಗಳನ್ನೂ ಓದಿಕೊಳ್ಳಿ. ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. ಪ್ರದರ್ಶನಕ್ಕೆ ನಿಂತಿದ್ದ ಗಾಡಿಯ ಟಯರಿನ ಹಲ್ಲು ಹೊಸದಾಗಿದ್ದರೂ ರಬ್ಬರು ಮುದಿಯಾಗಿರುತ್ತದೆ.

ಅನಂತರ ಮುಂಭಾಗವನ್ನು ಜಾಕಿನಿಂದೆತ್ತಿ, ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಗಾಲಿಯ ಮೇಲ್ತುದಿ ಕೆಳತುದಿ ಹಿಡಿದು ಅಲ್ಲಾಡಿಸಿ. ಅಲುಗಾಡಿದರೆ ತಪ್ಪು ಬೇರಿಂಗಿನದೋ ಕಿಂಗ್‌ಪಿನ್ನಿನದೋ ಎಂಬ ಸಂದೇಹ ಬರುತ್ತದೆ. ಆಗ ಮನೆಯವರೊಬ್ಬರಿಗೆ ಬ್ರೇಕು ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಅಲುಗಾಟ ನಿಂತರೆ ಬೇರಿಂಗು, ನಿಲ್ಲದಿದ್ದರೆ ಕಿಂಗ್‌ಪಿನ್ನು. ಕಾಸು ಖರ್ಚಿಲ್ಲದ ಈ ಪರೀಕ್ಷೆಯಿಂದ ಬೇಡದ ಭಾಗ ಕೊಳ್ಳುವುದು ತಪ್ಪುತ್ತದೆ. ಎಡಬಲಕ್ಕೆ ಹಿಡಿದು ಅಲ್ಲಾಡಿಸಿದಾಗ ಮಾತ್ರ ಸಡಿಲವಿದ್ದರೆ ಟೈ ರಾಡಿನ ತುದಿಗಳನ್ನು ನೋಡಬೇಕು. ಮುಂಭಾಗದಲ್ಲಿ ಗ್ರೀಸು ತುಂಬುವ ನಿಪ್ಪಲುಗಳು ಹಲವಾರಿವೆ. ಬಣ್ಣ ಬಳಿದವರು ಅವುಗಳ ಬಾಯಿ ಮುಚ್ಚಿರುವುದು ಅಪರೂಪವಲ್ಲ. ಬಣ್ಣ ಕೆರೆದು, ಸಾವಿರದೈನೂರು ಕಿಲೋಮೀಟರಿಗೊಮ್ಮೆ ಹೊಸ ಗ್ರೀಸು ಹೊರಗೆ ಇಣುಕುವವರೆಗೆ ಒತ್ತಿರಿ.

ಬೆಳಗಿನ ಹಟ

ಈಗ ಇಂಜಿನು. ಯಾವ ಪೆಟ್ರೋಲ್ ಇಂಜಿನ್ನಿಗೂ ಬೇಕಾದದ್ದು ಮೂರು: ಪೆಟ್ರೋಲು, ಕಿಡಿ, ಒಳಗಿನ ಒತ್ತಡ. ಆದರೆ ಅದಕ್ಕೂ ಮೊದಲು ಇಂಜಿನು ಚುರುಕಾಗಿ ತಿರುಗಬೇಕು. ಹಳೆಯ ಷೆವ್ರೊಲೆಯಲ್ಲಿ ತೊಡಕು ಅಲ್ಲಿಯೇ.

ಈ ಗಾಡಿಯದು ಆರು ವೋಲ್ಟಿನ ಬ್ಯಾಟರಿ. ಇಂದಿನ ಗಾಡಿಗಳದು ಹನ್ನೆರಡು. ಅಷ್ಟೇ ಶಕ್ತಿಯನ್ನು ಅರ್ಧ ವೋಲ್ಟಿನಲ್ಲಿ ಸಾಗಿಸಬೇಕಾದರೆ ಎರಡರಷ್ಟು ವಿದ್ಯುತ್ ಪ್ರವಾಹ ಹರಿಯಬೇಕು. ಒಂದು ಕಿಲೋವಾಟು ಶಕ್ತಿಗೆ ಹನ್ನೆರಡು ವೋಲ್ಟಿನಲ್ಲಿ ಸುಮಾರು 83 ಆಂಪಿಯರು ಸಾಕು, ಆರರಲ್ಲಿ ಸುಮಾರು 167 ಬೇಕು. ದೊಡ್ಡ ಪ್ರವಾಹಕ್ಕೆ ದಪ್ಪ ತಂತಿ ಬೇಕು. ಅಂಗಡಿಯಲ್ಲಿ ಸಿಗುವ ಇಂದಿನ ಕಾರಿನ ತೆಳ್ಳಗಿನ ಬ್ಯಾಟರಿ ತಂತಿಯನ್ನು ಯಾರೋ ಪುಣ್ಯಾತ್ಮರು ಹಾಕಿದ್ದರೆ, ಹೊಸ ಬ್ಯಾಟರಿ ತಂದರೂ ಸೆಲ್ಫು ನರಳುತ್ತಲೇ ತಿರುಗುತ್ತದೆ.

ಪರೀಕ್ಷೆ ಸುಲಭ. ವೋಲ್ಟ್ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಧನ ತುದಿಗೂ ಇನ್ನೊಂದನ್ನು ಸೆಲ್ಫಿನ ತುದಿಗೂ ತಗಲಿಸಿ, ಮತ್ತೊಬ್ಬರಿಂದ ಸೆಲ್ಫಿನ ಪೆಡಲು ತುಳಿಸಿರಿ. (ಈ ಗಾಡಿಯಲ್ಲಿ ಸೆಲ್ಫನ್ನು ಕಾಲಿನಿಂದ ತುಳಿಯಬೇಕು.) ಕಾಲು ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅಷ್ಟು ಶಕ್ತಿ ದಾರಿಯಲ್ಲಿಯೇ ಸೋರಿತೆಂದು ತಿಳಿಯಿರಿ. ಹೀಗೆಯೇ ಬ್ಯಾಟರಿಯ ಋಣ ತುದಿಗೂ ಇಂಜಿನ್ನಿನ ಮೈಗೂ ಹಿಡಿದು ನೋಡಿ. ಬಣ್ಣ ಬಳಿದ ಮೇಲ್ಮೈಗೆ ತಿರುಪಿದ ಅರ್ತಿನ ತಂತಿ ಕೆಲಸ ಮಾಡುವುದಿಲ್ಲ. ಲೋಹ ಹೊಳೆಯುವಂತೆ ಉಜ್ಜಿ ಬಿಗಿಯಬೇಕು. ಹೀಗೆ ನೋಡದೆ ಹನ್ನೆರಡು ವೋಲ್ಟಿಗೆ ಬದಲಾಯಿಸುವ ಆತುರ ಬೇಡ.

ಚುರುಕಾಗಿ ತಿರುಗಿಯೂ ಹತ್ತದಿದ್ದರೆ ಒಂದು ಪ್ಲಗ್ಗಿನ ತಂತಿ ಬಿಚ್ಚಿ, ಬೇರೊಂದು ಪ್ಲಗ್ಗಿಗೆ ಸಿಕ್ಕಿಸಿ, ಅದನ್ನು ಇಂಜಿನ್ನಿನ ಮೈಗೆ ತಾಗಿಸಿಟ್ಟು ತಿರುಗಿಸಿ ನೋಡಿ. ಹತ್ತಿರ ಪೆಟ್ರೋಲು ಚೆಲ್ಲಿರಬಾರದು. ನೀಲಿ ಕಿಡಿ ಚಟಪಟ ಹಾರಿದರೆ ಸರಿ. ಹಳದಿಯಾಗಿ ಸೊರಗಿದ್ದರೆ ಡಿಸ್ಟ್ರಿಬ್ಯೂಟರಿನ ಪಾಯಿಂಟು, ಕಂಡೆನ್ಸರುಗಳನ್ನು ನೋಡಬೇಕು. ತಂತಿಗಳ ಸರದಿ 1-5-3-6-2-4. ಹೊಸ ತಂತಿ ಹಾಕುವಾಗ ಈ ಸರದಿ ತಪ್ಪುವುದುಂಟು. ಕಿಡಿ ಸರಿಯಿದ್ದರೆ ಕಾರ್ಬೊರೇಟರಿನ ಬಾಯಿಯೊಳಗೆ ಇಣುಕಿ, ವೇಗದ ಪೆಡಲಿನ ಸರಳನ್ನು ಕೈಯಿಂದ ಎಳೆಯಿರಿ. ಪೆಟ್ರೋಲು ಸಣ್ಣ ಧಾರೆಯಾಗಿ ಚಿಮ್ಮಬೇಕು. ಚಿಮ್ಮದಿದ್ದರೆ ಪೆಟ್ರೋಲು ಅಲ್ಲಿಯವರೆಗೆ ಬಂದಿಲ್ಲ, ಇಲ್ಲವೆ ಅಲ್ಲಿನ ಸಣ್ಣ ಪಂಪು ಕೆಟ್ಟಿದೆ.

ಈ ಎಲ್ಲದರಲ್ಲಿಯೂ ಒಂದು ನಿಯಮ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಗಾಡಿ ಓಡಿಸಿ ನೋಡಿ, ಆಮೇಲೆ ಮುಂದಿನದಕ್ಕೆ ಹೋಗಿ. ಒಂದೇ ದಿನ ಪಾಯಿಂಟು, ಪ್ಲಗ್ಗು, ಕಾರ್ಬೊರೇಟರುಗಳನ್ನೆಲ್ಲ ಮುಟ್ಟಿದರೆ, ರೋಗ ಹೋದರೂ ಯಾವ ಔಷಧದಿಂದ ಹೋಯಿತೆಂದು ತಿಳಿಯದು. ಹೊಸ ರೋಗ ಬಂದರಂತೂ ಯಾರು ತಂದರೆಂದು ಹೇಳುವವರಿಲ್ಲ.

ಏರಿನಲ್ಲಿ ನಿಲ್ಲುವ ಚಾಳಿ

ಬಿಸಿಲಿನಲ್ಲಿ, ಏರಿನಲ್ಲಿ, ಮೆಲ್ಲಗೆ ಸಾಗುವಾಗ ನಿಂತು, ಅರ್ಧ ಗಂಟೆ ಬಿಟ್ಟರೆ ತಾನಾಗಿ ಹೊರಡುವ ಗಾಡಿಯಲ್ಲಿ ಪೆಟ್ರೋಲು ಕೊಳವೆಯಲ್ಲಿಯೇ ಕುದಿದು ಆವಿಯಾಗಿರುತ್ತದೆ. ಈ ಗಾಡಿಯ ಪೆಟ್ರೋಲ್ ಪಂಪು ಇಂಜಿನ್ನಿನ ಮೈಗೇ ಅಂಟಿದೆ. ಅದು ದ್ರವವನ್ನು ಎಳೆಯಬಲ್ಲುದೇ ಹೊರತು ಆವಿಯನ್ನು ಎಳೆಯಲಾರದು. ದಾರಿಯಲ್ಲಿ ಮಾಡತಕ್ಕದ್ದು ಇಷ್ಟೇ: ಸುರಕ್ಷಿತವಾದ ಜಾಗದಲ್ಲಿ ನಿಲ್ಲಿಸಿ, ಬಾನೆಟ್ಟು ತೆರೆದು, ಪಂಪಿನ ಮೇಲೂ ಕೊಳವೆಯ ಮೇಲೂ ಒದ್ದೆ ಬಟ್ಟೆ ಸುತ್ತಿ ಕಾಯುವುದು. ಮನೆಯಲ್ಲಿ ಮಾಡತಕ್ಕದ್ದು: ಕೊಳವೆ ಬಿಸಿ ಭಾಗಗಳಿಗೆ ತಾಗದಂತೆ ದೂರ ಸರಿಸುವುದು, ರೇಡಿಯೇಟರನ್ನು ಶುಚಿ ಮಾಡಿಸುವುದು. ರೇಡಿಯೇಟರಿಗೆ ಇಂದಿನ ಕಾರಿನ ಹೆಚ್ಚು ಒತ್ತಡದ ಮುಚ್ಚಳವನ್ನು ಹಾಕಬಾರದು. ಮುದಿ ರೇಡಿಯೇಟರು ಅದನ್ನು ತಾಳಲಾರದು.

ಇದಲ್ಲದೆ ಇಂದಿನ ಪೆಟ್ರೋಲೇ ಬೇರೆ. ಶೇಕಡಾ 20ರಷ್ಟು ಎಥನಾಲು ಬೆರೆತ ಪೆಟ್ರೋಲು 2023ರಲ್ಲಿ ಮಾರಾಟಕ್ಕೆ ಬಂದು, 2025ರ ಹೊತ್ತಿಗೆ ದೇಶದ ಬಹುಭಾಗದ ಬಂಕುಗಳನ್ನು ತಲುಪಿತು. ಎಥನಾಲು ಹಳೆಯ ಜಾತಿಯ ರಬ್ಬರನ್ನು ಕೆಡಿಸುತ್ತದೆ, ತೇವವನ್ನು ಹೀರುತ್ತದೆ, ಹಳೆಯ ತೊಟ್ಟಿಯೊಳಗಿನ ಕಸವನ್ನು ಕರಗಿಸಿ ಕಾರ್ಬೊರೇಟರಿಗೆ ತರುತ್ತದೆ. ಪಂಪಿನ ರಬ್ಬರಿನ ಹಾಳೆ, ಕೊಳವೆ, ಕಾರ್ಬೊರೇಟರಿನ ವಾಷರುಗಳನ್ನು ಎಥನಾಲಿಗೆ ತಾಳುವ ಜಾತಿಯವಕ್ಕೆ ಬದಲಾಯಿಸಿರಿ. ಪಂಪಿನ ಕೆಳಗೆ ಗಾಜಿನ ಬಟ್ಟಲಿದ್ದರೆ ವಾರಕ್ಕೊಮ್ಮೆ ನೋಡಿ. ತಳದಲ್ಲಿ ನೀರು ನಿಂತಿದ್ದರೆ ಕಣ್ಣಿಗೇ ಕಾಣುತ್ತದೆ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸಿ ಹಳೆಯ ಪೆಟ್ರೋಲನ್ನೇ ಇಟ್ಟುಕೊಳ್ಳಬೇಡಿ.

ಮತ್ತೊಂದು ಎಚ್ಚರಿಕೆ. 1951ರ ಈ ಗಾಡಿಯಲ್ಲಿ ಪೆಟ್ರೋಲಿನ ತೊಟ್ಟಿ ಇರುವುದು ಆಸನದ ಬೆನ್ನ ಹಿಂದೆ, ಕ್ಯಾಬಿನ್ನಿನ ಒಳಗೆ. ಕುಳಿತಾಗ ಪೆಟ್ರೋಲಿನ ವಾಸನೆ ಬಂದರೆ "ಹಳೆಯ ಗಾಡಿಯ ಗುಣ" ಎಂದು ಬಿಡಬೇಡಿ. ತುಂಬುವ ಬಾಯಿಯ ರಬ್ಬರು, ಅಳತೆಯ ಮುಳ್ಳಿನ ವಾಷರು, ಕೊಳವೆಯ ಕೀಲು ಈ ಮೂರನ್ನೂ ಅದೇ ದಿನ ನೋಡಿಸಬೇಕು. ಅಲ್ಲಿಯವರೆಗೆ ಬೀಡಿ ಸಿಗರೇಟಿನವರನ್ನು ಒಳಗೆ ಹತ್ತಿಸಕೂಡದು. ಒಂದು ಬೆಂಕಿ ಆರಿಸುವ ಸಿಲಿಂಡರು ಸದಾ ಜೊತೆಯಲ್ಲಿರಲಿ.

ಮೇಲೇಳದ ಮುಳ್ಳು

ಐದು ದೂರುಗಳಲ್ಲಿ ಇದೊಂದು ಬಹುಶಃ ದೂರೇ ಅಲ್ಲ. 216ರ ಇಂಜಿನ್ನಿನಲ್ಲಿ ಮುಖ್ಯ ಬೇರಿಂಗುಗಳಿಗೆ ಎಣ್ಣೆ ಒತ್ತಡದಿಂದ ಹೋಗುತ್ತದೆ. ಪಿಸ್ಟನ್ನಿನ ಕಡ್ಡಿಗಳ ಬೇರಿಂಗಿಗೆ, ಕಡ್ಡಿಯ ತುದಿಯಲ್ಲಿರುವ ಸಣ್ಣ ಸೌಟು ಎಣ್ಣೆಯನ್ನು ಮೊಗೆದುಕೊಳ್ಳುತ್ತದೆ. ಆದ್ದರಿಂದ ಇದರ ಒತ್ತಡವೇ ಕಡಿಮೆ. ಓಡುವಾಗ 14 ಪೌಂಡಿನ ಆಸುಪಾಸು ಇದ್ದರೆ ಆರೋಗ್ಯ, ನಿಂತಾಗ ಇನ್ನೂ ಕೆಳಗಿಳಿಯುವುದು ಸಹಜ. ಇಂದಿನ ಕಾರಿನ ಅಳತೆಗೋಲಿನಿಂದ ಇದನ್ನು ಅಳೆದು ಇಂಜಿನು ಬಿಚ್ಚಿಸಿದರೆ ವೃಥಾ ವೆಚ್ಚ. ಆದರೆ ಓಡುವಾಗಲೂ ಮುಳ್ಳು ಸೊನ್ನೆಯಲ್ಲಿಯೇ ಇದ್ದರೆ, ಇಲ್ಲವೆ ಒಳಗೆ ಟಕಟಕ ಸದ್ದು ಕೇಳಿದರೆ ಕೂಡಲೇ ನಿಲ್ಲಿಸಿ.

ಈ ಏರ್ಪಾಡಿಗೆ ಎರಡು ಅರ್ಥಗಳಿವೆ. ಎಣ್ಣೆಯ ಮಟ್ಟ ಕಡಿಮೆಯಾಗಲು ಬಿಡಬಾರದು, ಏಕೆಂದರೆ ಸೌಟಿಗೆ ಎಟುಕಬೇಕು. ಇಂಜಿನ್ನನ್ನು ಬಹುಕಾಲ ಅತಿವೇಗದಲ್ಲಿ ತಿರುಗಿಸಬಾರದು. ಹಿಂದಿನ ಆಕ್ಸಲಿನ ಹಲ್ಲಿನ ಲೆಕ್ಕದಿಂದ ಗಂಟೆಗೆ 70 ಕಿಲೋಮೀಟರಿಗೇ ಇದು ಸಾಕಷ್ಟು ದುಡಿಯುತ್ತದೆ. ಸೀಸ ಬೆರೆಸಿದ ಪೆಟ್ರೋಲು ನಮ್ಮಲ್ಲಿ 2000ದಲ್ಲಿ ನಿಂತುಹೋಯಿತು. ಸೀಸವಿಲ್ಲದೆ ಹೆಚ್ಚು ದುಡಿಸಿದರೆ ಹೊಗೆಯ ವಾಲ್ವಿನ ಪೀಠ ಸವೆಯಬಹುದು. ಟ್ಯಾಪೆಟ್ಟಿನ ಸಂದು ಹೊಂದಿಸಿದಷ್ಟೂ ಮತ್ತೆ ಮತ್ತೆ ಕಿರಿದಾಗುತ್ತಿದ್ದರೆ ಅದೇ ಅದರ ಗುರುತು. ಆಗ ಗಟ್ಟಿ ಉಕ್ಕಿನ ಪೀಠ ಕೂರಿಸಬೇಕಾಗುತ್ತದೆ.

ಕಾಗದಪತ್ರ

ಹೊರನಾಡಿನಲ್ಲಿರುವ ನಾವು ವಿಶೇಷವಾಗಿ ಗಮನಿಸತಕ್ಕ ಅಂಶವಿದು. 2021ರ ಕೇಂದ್ರ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳನ್ನು "ವಿಂಟೇಜ್" ಎಂದು ನೋಂದಾಯಿಸಬಹುದು. ಆ ಸಂಖ್ಯೆಯಲ್ಲಿ "ವಿಎ" ಎಂಬ ಅಕ್ಷರಗಳಿರುತ್ತವೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲು, ರಿಪೇರಿ ಇಂಥವಕ್ಕೆ ಮಾತ್ರ ರಸ್ತೆಗೆ ತರಬಹುದು. ದಿನಬಳಕೆಗೂ ವ್ಯಾಪಾರಕ್ಕೂ ಅಲ್ಲ. ದಿನವೂ ಓಡಿಸಬೇಕೆಂಬವರು ಸಾಮಾನ್ಯ ನೋಂದಣಿ ಕಡಿಯದೆ ನಡೆದುಬಂದ ಗಾಡಿಯನ್ನೇ ಕೊಳ್ಳಬೇಕು. ಆರ್.ಸಿ.ಯಲ್ಲಿ ಸ್ವಂತ ಬಳಕೆ ಎಂದಿದೆಯೋ ಸರಕು ಸಾಗಣೆ ಎಂದಿದೆಯೋ ನೋಡಬೇಕು. ಬ್ರೇಕಿನಂಥ ಬದಲಾವಣೆಗೆ ಮುಂಚೆಯೂ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸುವುದು ಲೇಸು.

ಊರಿನಲ್ಲಿ ಕೊಂಡ ಗಾಡಿಯನ್ನು ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗೆ ಮೀರಿ ಇಟ್ಟುಕೊಂಡರೆ, ಮೂಲ ಕಚೇರಿಯಿಂದ ಆಕ್ಷೇಪಣೆಯಿಲ್ಲವೆಂಬ ಪತ್ರ ತಂದು ಇಲ್ಲಿ ಹೊಸ ಸಂಖ್ಯೆ ಪಡೆಯಬೇಕು. ದೆಹಲಿಯ ವಾಚಕರಿಗೆ ಇನ್ನೂ ಒಂದು ಮಾತು. ಹದಿನೈದು ವರ್ಷ ದಾಟಿದ ಪೆಟ್ರೋಲ್ ವಾಹನಗಳ ಮೇಲೆ ರಾಜಧಾನಿ ಪ್ರದೇಶದಲ್ಲಿ ಹಸಿರು ನ್ಯಾಯಮಂಡಲಿಯ ನಿರ್ಬಂಧವಿದ್ದು, 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆ ಮೇಲೆಯೂ ಆದೇಶಗಳು ಬಂದಿವೆ. ಮುಂಗಡ ಕೊಡುವ ಮುನ್ನ ಆ ದಿನದ ನಿಯಮವನ್ನು ಓದಿಕೊಳ್ಳಿ.

ದಿನವೂ ಓಡಿಸುವ ಬಗೆ

ಎಲ್ಲ ಸರಿಹೋದ ಮೇಲೂ ಗಾಡಿಯ ವಿಶ್ವಾಸವನ್ನು ಮೆಟ್ಟಿಲು ಮೆಟ್ಟಿಲಾಗಿ ಗಳಿಸಬೇಕು. ಮೊದಲ ಎರಡು ವಾರ ಮನೆಯಿಂದ ಐದು ಕಿಲೋಮೀಟರಿನ ಒಳಗೆ. ಹೊಸ ದೂರು ಬರದಿದ್ದರೆ ಇಪ್ಪತ್ತೈದರ ಒಳಗೆ. ಅನಂತರ ನೂರು. ಪ್ರತಿ ಸಲ ಹಿಂತಿರುಗಿದಾಗ ನಾಲ್ಕು ಗಾಲಿಗಳ ನಡುಭಾಗದ ಹತ್ತಿರ ಕೈ ಹಿಡಿದು ನೋಡಿ. ಒಂದು ಮಾತ್ರ ಹೆಚ್ಚು ಕಾದಿದ್ದರೆ ಅಲ್ಲಿ ಬ್ರೇಕೋ ಬೇರಿಂಗೋ ಮಾತನಾಡುತ್ತಿದೆ.

ಮುಂದಿನ ಗಾಡಿಗೂ ನಿಮಗೂ ಅಂತರವನ್ನು ಇಂದಿನ ಕಾರಿನವರ ಎರಡರಷ್ಟು ಇಡಿ. ಗಂಟೆಗೆ 72 ಕಿಲೋಮೀಟರು ಎಂದರೆ ಸೆಕೆಂಡಿಗೆ 20 ಮೀಟರು. ಕಾಲು ಪೆಡಲಿಗೆ ಹೋಗುವಷ್ಟರಲ್ಲೇ ಅಷ್ಟು ದೂರ ಕಳೆದಿರುತ್ತದೆ. ವೇಗ ಎರಡರಷ್ಟಾದರೆ ಬ್ರೇಕು ಹಿಡಿದ ಮೇಲಿನ ದೂರ ನಾಲ್ಕರಷ್ಟಾಗುತ್ತದೆ. ಇಳಿಜಾರಿನಲ್ಲಿ ಏರುವಾಗಿನ ಗೇರಿನಲ್ಲಿಯೇ ಇಳಿಯಿರಿ, ಇಂಜಿನ್ನೇ ತಡೆಯಲಿ. ಡ್ರಮ್ಮು ಕಾದುಹೋದರೆ ಬ್ರೇಕು ಸೋಲುತ್ತದೆ. ಮೊದಲ ಗೇರಿಗೆ ಹಾಕಬೇಕಾದರೆ ಗಾಡಿ ಪೂರ್ತಿ ನಿಲ್ಲಲಿ, ಇಲ್ಲವಾದರೆ ಹಲ್ಲು ಕಿರಿಯುತ್ತದೆ. ತೊಟ್ಟಿ ಖಾಲಿಯಿದ್ದಾಗ ಹಿಂಭಾಗ ಹಗುರ; ಮಳೆಯಲ್ಲಿ ಗಟ್ಟಿಯಾಗಿ ಬ್ರೇಕು ಹಿಡಿದರೆ ಜಾರುತ್ತದೆ. ರಾತ್ರಿ ಸಿಗ್ನಲಿನಲ್ಲಿ ನಿಂತಾಗ ದೀಪ ಮಂಕಾಗುವುದು ರೋಗವಲ್ಲ. ಹಳೆಯ ಡೈನಮೊ ನಿಧಾನವಾಗಿ ತಿರುಗುವಾಗ ಬ್ಯಾಟರಿಗೆ ತುಂಬುವುದಿಲ್ಲ.

ಬಿಡಿಭಾಗಗಳಿಗೆ ದಿಲ್ಲಿಯ ಕಶ್ಮೀರಿ ಗೇಟು, ಮದರಾಸಿನ ಪುದುಪೇಟೆ, ಮುಂಬಯಿಯ ಚೋರ್ ಬಜಾರು, ಬೆಂಗಳೂರಿನ ಜೆ.ಸಿ. ರಸ್ತೆ ಇವೆ. ಅಲ್ಲಿ ಬೇರಿಂಗು, ಕೊಳವೆ, ಲೈನಿಂಗುಗಳನ್ನು ಅಳತೆ ಹಿಡಿದು ಹೊಂದಿಸಿ ಕೊಡುವವರಿದ್ದಾರೆ. ಹಳೆಯ ಭಾಗವನ್ನು ಬಟ್ಟೆಯಲ್ಲಿ ಸುತ್ತಿ ಕೈಯಲ್ಲಿ ಹಿಡಿದೇ ಹೋಗಿ. ಈ ಮಾದರಿಗೇ ವಿಶಿಷ್ಟವಾದ ಭಾಗಗಳನ್ನು ಅಮೇರಿಕದಲ್ಲಿ ಇಂದಿಗೂ ಹೊಸದಾಗಿ ತಯಾರಿಸುತ್ತಾರೆ.

ಕೊನೆಯದಾಗಿ ಹತ್ತು ಹದಿನೈದು ರೂಪಾಯಿಯ ಒಂದು ಸಾಧನ: ನೋಟುಬುಕ್ಕು. ಎಡಪುಟದಲ್ಲಿ ದಿನ, ಕಿಲೋಮೀಟರು, ಹಾಕಿದ ಪೆಟ್ರೋಲು, ಎಣ್ಣೆ. ಬಲಪುಟದಲ್ಲಿ ಕಂಡ ದೂರು, ಮಾಡಿದ ಒಂದು ಬದಲಾವಣೆ, ಅದರ ಫಲ. ಇದನ್ನು ಬರೆಯುವ ಕೆಲಸವನ್ನು ಮನೆಯಾಕೆಗೆ ಒಪ್ಪಿಸುವಂತೆ ಯಜಮಾನರಿಗೆ ನನ್ನ ಸೂಚನೆ. ಹೊಸ ಗಾಡಿಯ ಮೋಹದಲ್ಲಿರುವವರು ಸಣ್ಣ ದೂರುಗಳನ್ನು ಬರೆಯಲು ಮರೆಯುತ್ತಾರೆ, ಮಕ್ಕಳ ತಾಯಿ ಮರೆಯುವುದಿಲ್ಲ. ಬಲಪುಟ ಖಾಲಿಯಾಗಿಯೇ ಸಾವಿರ ಕಿಲೋಮೀಟರು ಕಳೆದಾಗ ಹೆದ್ದಾರಿಗೆ ಹೊರಡಲು ಗಾಡಿ ಯೋಗ್ಯವಾಯಿತೆಂದು ತಿಳಿಯಬಹುದು. ಆ ಅಪ್ಪಣೆಗೆ ರುಜು ಹಾಕುವ ಅಧಿಕಾರವೂ ಬುಕ್ಕು ಬರೆದವರದೇ ಆಗಿರಲಿ.